ಶೈಲಜಾ ಅಳಲೇ ಇಲ್ಲ

ಭಾನುವಾರ ವಿರೂಪಾಪುರಗಡ್ಡೆಯಲ್ಲಿ ಸೆಲ್ಫಿ ತೆಗೆಯುವಾಗ ಶೈಲಜಾಳ ಮೂರು ಕ್ಯಾಮೆರಾದ ಮೊಬೈಲು ಕೈಜಾರಿ ತುಂಗಭದ್ರೆಯ ಪಾಲಾಯಿತು. ಅವಳು ಅಳಲಿಲ್ಲ. ಫಜೀತಿ ಶುರುವಾದದ್ದೇ ಅಲ್ಲಿಂದ.

ಕೊಪ್ಪಳದ ಹಾಸ್ಟೆಲಿನಲ್ಲಿದ್ದು ಎಂ.ಎ. ಓದುತ್ತಿದ್ದ ಶೈಲಜಾ, ಅಳವಂಡಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅಪ್ಪನೆದುರು ಊಟ ಬಿಟ್ಟು ಕೂತು ಆ ಮೊಬೈಲು ಗಿಟ್ಟಿಸಿದ್ದಳು. ಉಳಿದವರ ಬಳಿ ಇದ್ದ ಮೇಲೆ ತನ್ನ ಬಳಿ ಬೇಡವೆ? ಅದು ಬಂದದ್ದೇ ನಿದ್ದೆ ಓಡಿತು. ಯಾರದೋ ಹೊಸ ಚಪ್ಪಲಿ ತೆರೆಯ ಮೇಲೆ ಕಂಡರೆ ಹೊಟ್ಟೆಯಲ್ಲಿ ಒಣಮೆಣಸಿನಕಾಯಿ ಹುರಿದಂತಾಗುತ್ತಿತ್ತು. ಕೋಣೆಯ ಗೆಳತಿ ವಾಣಿಶ್ರೀ ಗೋವಾದ ಫೋಟೋ ಹಾಕಿದಾಗಂತೂ ಎರಡು ದಿನ ತಲೆನೋವು.

ಸೋಮವಾರ ಮಾತ್ರ ಅವಳು ಕುಂಭಕರ್ಣನ ಖಾಸಾ ತಂಗಿಯಂತೆ ಮಲಗಿ ಎದ್ದು, ಮಂಡಕ್ಕಿ ಒಗ್ಗರಣೆ ಎರಡು ಸಲ ಹಾಕಿಸಿಕೊಂಡು, ಹಾಡು ಗುನುಗಿದಳು.

ವಾಣಿಶ್ರೀಯ ಕಣ್ಣುಗಳು ಸಣ್ಣಗಾದವು. "ಅಂಥಾ ಫೋನ್ ಹೋಗೈತಿ, ನಗಾಕತ್ತೀಯಲ್ಲಲೇ? ಹೊಸಾದು ಯಾರ್ ಕೊಡಸ್ಯಾರ?"

"ಯಾರೂ ಇಲ್ಲಲೇ. ನಿದ್ದಿ ಛಲೋ ಬಂತು, ಅಷ್ಟ."

ವಾಣಿಶ್ರೀ ದಿಂಬು ಹಿಚುಕಿದಳು, ಟ್ರಂಕು ತೆಗೆಸಿದಳು. ಏನೂ ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೆ ಗುಮಾನಿ ಇನ್ನೂ ಗಟ್ಟಿಯಾಯಿತು.

ಮಧ್ಯಾಹ್ನಕ್ಕೆ ಸುದ್ದಿ ವಾರ್ಡನ್ ರೇಣುಕಾದೇವಿಗೆ ಮುಟ್ಟಿತು. ಅವರು ಈಚೆಗಷ್ಟೇ ಮಾನಸಿಕ ಆರೋಗ್ಯದ ಶಿಬಿರ ಮುಗಿಸಿ ಬಂದಿದ್ದರು. ಕಲಿತದ್ದನ್ನು ಪ್ರಯೋಗಿಸಲು ಒಬ್ಬರೂ ಸಿಕ್ಕಿರಲಿಲ್ಲ.

"ದುಃಖ ಒಳಗ ಇಟ್ಕೊಬ್ಯಾಡವಾ. ಅತ್ತುಬಿಡು."

"ಅಳು ಬರವಲ್ದ್ರಿ ಮೇಡಂ."

"ನೋಡಿದ್ರೇನು?" ರೇಣುಕಾದೇವಿ ಉಳಿದವರತ್ತ ತಿರುಗಿದರು. "ಅಳೂನೂ ಬರವಲ್ದಂತ! ಭಾಳ ಮುಂದ ಹೋಗೈತಿ."

ಅಡುಗೆಯ ಸಣ್ಣವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಇಡೀ ಹಾಸ್ಟೆಲೇ ಕಣ್ಣೀರು ಹಾಕಿತು, ಶೈಲಜಾಗೆ ಸೀನು ಮಾತ್ರ ಬಂತು. ರೇಣುಕಾದೇವಿ ಶೈಲಜಾಳ ಅಪ್ಪ ದೇವೇಂದ್ರಪ್ಪನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟರು.

"ಅಳವಲ್ಲಳಾ?" ದೇವೇಂದ್ರಪ್ಪ ಅಂಗಡಿಯಿಂದಲೇ ಕೂಗಿದ. "ಹೊಸಾ ಫೋನೂ ಕೇಳವಲ್ಲಳಾ? ಮೇಡಂ, ಆಕಿ ನಮ್ಮ ಶೈಲಜಾನ ಹೌದಲ್ರಿ?"

ಆಗ ಶೈಲಜಾಳಿಗೂ ತನ್ನ ಮೇಲೆ ಸಂಶಯ ಹುಟ್ಟಿತು. ಕನ್ನಡಿ ಮುಂದೆ ನಿಂತು ನಾಲಗೆ ಚಾಚಿ ನೋಡಿಕೊಂಡಳು. ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಇಬ್ಬರ ಕಾವಲು. ಸಂಜೆ ಊಟದ ಕೋಣೆಯಲ್ಲಿ ಎಲ್ಲರೂ ತನ್ನ ತುತ್ತುಗಳನ್ನೇ ನೋಡುತ್ತಿದ್ದಾಗ ಅವಳ ತಾಳ್ಮೆ ತಪ್ಪಿತು.

"ಫೋನ್ ಇದ್ದಾಗ ನಾ ಹುಚ್ಚಿ ಆಗಿದ್ನಿ, ಅವಾಗ ಯಾರೂ ಕೇಳ್ಲಿಲ್ಲ! ನಿಮ್ಮ ಚಪ್ಪಲಿ, ನಿಮ್ಮ ಗೋವಾ ನೋಡಿ ನೋಡಿ ಉರಕೊಂಡೆ. ಈಗ ಕಾಣವಲ್ದು, ನಿದ್ದಿ ಬರತೈತಿ. ನೀವೂ ಫೋನ್ ಬಿಟ್ಟು ಮಲಗಿ ನೋಡ್ರಿ!"

ವಾಣಿಶ್ರೀ ತಟ್ಟೆ ಸರಿಸಿದಳು. "ನಿನ್ನ ಫೋನ್ ನೋಡಿ ಉರಕೊಂಡ ನಾ ಗೋವಾಕ್ಕ ಹೋಗಿದ್ದು. ನನಗೂ ನಿದ್ದಿಲ್ಲಲೇ."

ಮೂಲೆಯಿಂದ ಪಕ್ಕದ ಕೋಣೆಯ ದುರಗಮ್ಮ, "ನನಗೂ" ಎಂದಳು. ಕೊನೆಗೆ ರೇಣುಕಾದೇವಿಯೂ ಮೆಲ್ಲಗೆ, "ನನಗೂ" ಎಂದರು. ಅಂತೂ ನಂಬಿದರು! ಶೈಲಜಾ ನಿರಾಳವಾಗಿ ತಟ್ಟೆಗೆ ಕೈಹಾಕಿದಳು.

"ಹಂಗಾದ್ರ ಇವತ್ತ ಎಲ್ಲಾರೂ ಫೋನ್ ಕೊಟ್ಟು ಮಲಗೂಣು," ಎಂದರು ರೇಣುಕಾದೇವಿ. "ಯಾರ ಹಂತೇಕ ಇಡೂದು?"

ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರ ಮೇಲೂ ಯಾರಿಗೂ ಭರವಸೆಯಿಲ್ಲ. ಫೋನಿನ ಆಸೆಯಿಲ್ಲದವಳು ಅಲ್ಲಿ ಒಬ್ಬಳೇ ಇದ್ದಳು.

ಒಂಬತ್ತಕ್ಕೆಲ್ಲ ಹಾಸ್ಟೆಲು ಗೊರಕೆ ಹೊಡೆಯುತ್ತಿತ್ತು. ಶೈಲಜಾಳ ಟ್ರಂಕಿನಲ್ಲಿ ಮಾತ್ರ ಒಂದು ಫೋನು ನಿಂತರೆ ಇನ್ನೊಂದು ಬಡಿದುಕೊಳ್ಳುತ್ತಿತ್ತು.

"ಹಲೋ, ದುರಗಮ್ಮ ಮಲಗ್ಯಾಳ್ರಿ," ಎಂದಳು ಅವಳು, ಕಣ್ಣುಜ್ಜುತ್ತ.

"ಇಷ್ಟ್ ಲಗೂನ?" ಅತ್ತಲಿಂದ ದುರಗಮ್ಮನ ತಾಯಿ ಗದರಿದಳು. "ನೀ ಯಾರು? ಆಕಿ ಫೋನ್ ನಿನ್ನ ಕೈಯಾಗ ಹ್ಯಾಂಗ ಬಂತು?"