ಅಫೀಮಿನ ಹಸಿರು

ಬಿಂದುಮಾಧವ ಮಾಡಿದ ತಪ್ಪು ಇಷ್ಟೇ: ಬಣ್ಣ ಒಣಗಲೆಂದು ತನ್ನ ಚಿತ್ರವನ್ನು ಅಗ್ರಹಾರದ ವಠಾರದ ಜಗಲಿಯ ಮೇಲಿಟ್ಟ. ೧೯೫೮ರ ಆ ಭಾನುವಾರ ಮೈಸೂರಿನಲ್ಲಿ ಅದಕ್ಕಿಂತ ದೊಡ್ಡ ಅನಾಹುತ ನಡೆದಿಲ್ಲ. ನಡೆದಿದೆ ಎನ್ನುವವರು ಶುದ್ಧ ಸುಳ್ಳರು. ನಾಲ್ಕು ವರ್ಷ ಹಂಗಾಮಿ ಡ್ರಾಯಿಂಗ್ ಮೇಷ್ಟರಾಗಿ ಸವೆದವನಿಗೆ ಮರುದಿನ ಕೆಲಸ ಕಾಯಂ ಆಗುವುದಿತ್ತು.

ಚಿತ್ರವೆಂದರೆ, ಕಪ್ಪಿನೊಳಗೆ ಹಳಸಿದ ಪಲ್ಯದಂಥ ಹಸಿರು, ಆ ಹಸಿರಿನೊಳಗೆ ಹೊರಬರಲು ದಾರಿ ಕಾಣದ ಒಂದು ಕೆಂಪು ಗೆರೆ. ಮನುಷ್ಯನಿಲ್ಲ, ಮರವಿಲ್ಲ, ಚಾಮುಂಡಿ ಬೆಟ್ಟವೂ ಇಲ್ಲ. ಇದೇನೆಂದು ಪಕ್ಕದ ಮನೆಯ ಪಾರ್ವತಮ್ಮ ಕೇಳಿದರು. ಅಫೀಮಿನ ಚಟಕ್ಕೆ ಬಿದ್ದವನ ಮನಸ್ಸು ಒಳಗಿನಿಂದ ಹೀಗಿರುತ್ತದೆ ಎಂದ, ಹೆಮ್ಮೆಯಿಂದ.

“ಒಳಗಿಂದ ಹೇಗಿರತ್ತೆ ಅಂತ ನಿಂಗೆ ಹೇಗೋ ಗೊತ್ತಾಯ್ತು?”

ಪೇಪರಿನಲ್ಲಿ ಓದಿ ಊಹಿಸಿದೆ ಎಂದರೆ ಯಾರು ನಂಬುತ್ತಾರೆ? ಅರ್ಧ ಗಂಟೆಯಲ್ಲಿ ಅರ್ಧ ಮೈಸೂರು ಜಗಲಿಯ ಮುಂದಿತ್ತು. ನಿವೃತ್ತ ಕಾಂಪೌಂಡರ್ ದೊರೆಸ್ವಾಮಿ ಅವನ ರೆಪ್ಪೆ ಎತ್ತಿ ನೋಡಿ, ಇಲ್ಲ ಇಲ್ಲ ಎನ್ನುವುದೇ ಈ ರೋಗದ ಮೊದಲ ಲಕ್ಷಣ ಎಂದರು. ಪಾರ್ವತಮ್ಮ ಒಂದು ಕೊಡ ಹುಣಿಸೆನೀರು ಕುಡಿಸಿದರು. ಅವನು ಕಾರಿಕೊಂಡಾಗ ವಿಷ ಹೊರಬಂತೆಂದು ಜನ ನಿಟ್ಟುಸಿರುಬಿಟ್ಟರು. ಕೊನೆಕೊನೆಗೆ ಬಿಂದುಮಾಧವನಿಗೇ ಅನುಮಾನ ಬಂತು: ನಿದ್ದೆಯಲ್ಲೇನಾದರೂ ತಿಂದುಬಿಟ್ಟೆನೇ?

ಸುದ್ದಿ ಕೇಳಿ ಹೆಡ್ಮಾಸ್ಟರ್ ಷಡಕ್ಷರಿಯವರೇ ಬಂದರು. ಅವರು ಕೆಮ್ಮಿದರೆ ಶಾಲೆಯ ಗೋಡೆಗಳೂ ಎದ್ದು ನಿಲ್ಲುತ್ತಿದ್ದವು. ಕೆಲಸ ಹೋಯಿತೆಂದು ಬಿಂದುಮಾಧವ ಕಂಬಕ್ಕೊರಗಿದ. ಅವರು ಚಿತ್ರವನ್ನು ಒಳಗೆ ತರಿಸಿ, ಅವನೊಬ್ಬನನ್ನುಳಿದು ಎಲ್ಲರನ್ನೂ ಆಚೆ ಕಳಿಸಿ, ಬಾಗಿಲು ಹಾಕಿ, ಅದರ ಮುಂದೆ ಬಹಳ ಹೊತ್ತು ನಿಂತರು.

“ಸಿಗದೇ ಇದ್ದಾಗ ಮೂರನೇ ದಿನ ಕಣ್ಮುಂದೆ ಬರುತ್ತಲ್ಲ,” ಎಂದರು ಮೆಲ್ಲಗೆ, “ಅದೇ ಹಸಿರು ಕಣ್ರೀ.”

ತನ್ನ ಚಿತ್ರ ಅರ್ಥವಾದ ಏಕೈಕ ಪ್ರಾಣಿ ಎದುರಿಗಿದ್ದರೂ ಬಿಂದುಮಾಧವನಿಗೆ ಏನೂ ಅರ್ಥವಾಗಲಿಲ್ಲ.

“ನನಗೆ ತಂದುಕೊಡೋನು ಹೋದ ವಾರ ತೀರ್ಕೊಂಡ. ನಿಮಗೆ ಎಲ್ಲಿ ಸಿಗುತ್ತೆ?”

“ನಾನು ಮುಟ್ಟಿದ್ದೇ ಇಲ್ಲ ಸಾರ್.”

“ಮೊದಮೊದಲು ನಾನೂ ಹಾಗೇ ಹೇಳ್ತಿದ್ದೆ.” ಷಡಕ್ಷರಿ ಕೋಟಿನ ಜೇಬಿನಿಂದ ಕಾಯಂ ಆರ್ಡರು ತೆಗೆದು ತೋರಿಸಿ, ಮತ್ತೆ ಜೇಬಿಗಿಟ್ಟರು. “ಮೆಣಸಿನ ಕಾಳಷ್ಟು ಸಾಕು. ನಾಳೆ ಪ್ರಾರ್ಥನೆಗೆ ಮುಂಚೆ ತನ್ನಿ, ಇದನ್ನ ತಗೊಂಡು ಹೋಗಿ.”

ಅವರು ಗಂಭೀರವಾಗಿ ಹೊರಟುಹೋದ ಮೇಲೆ, ಹೆಡ್ಮಾಸ್ಟರು ಕ್ಷಮಿಸಿದರೇ ಎನ್ನುತ್ತ ದೊರೆಸ್ವಾಮಿ ಒಳಗೆ ಓಡಿಬಂದರು. ಬಿಂದುಮಾಧವ ಅವರ ಎರಡೂ ಕೈ ಹಿಡಿದುಕೊಂಡ.

“ನೀವು ಆಸ್ಪತ್ರೇಲಿ ಇದ್ದೋರು. ಒಂಚೂರು ಅಫೀಮು ಎಲ್ಲಿ ಸಿಗುತ್ತೆ, ಹೇಳಿ ಸ್ವಾಮಿ.”