ಇತಿಹಾಸದ ಬಾಲ ಕತ್ತರಿಸಿದ ಸಮಿತಿಯವರಿಗೆ

ರಾಜ್ಯಗಳನ್ನು ಕಟ್ಟಿ ಕೆಡವುವ ಆ ದೊಡ್ಡ ವಿಡಿಯೋ ಗೇಮಿನ ಕಂಪನಿಯಲ್ಲಿ, ಆಟ ಯಾವ ಇಸವಿಯಲ್ಲಿ ಹುಟ್ಟಬೇಕು, ಯಾವ ಇಸವಿಯಲ್ಲಿ ಸಾಯಬೇಕು ಎಂದು ಹಣೆಬರಹ ಬರೆಯುವ ಕಾಲಾವಧಿ ಸಮಿತಿಯ ಸನ್ಮಾನ್ಯ ಸದಸ್ಯರ ದಿವ್ಯ ಸನ್ನಿಧಿಗೆ, ಕನ್ನಡಕದಂಗಡಿಯ ಮುಂದಿನ ಮೇಜಿನಲ್ಲಿ ಕೂರುವವಳು ಮಾಡುವ ಅನಂತಾನಂತ ನಮಸ್ಕಾರಗಳು.

ಮಾನ್ಯರೇ,

ಇಲ್ಲಿ ಎಲ್ಲರೂ ಕ್ಷೇಮ, ಅಂದರೆ ಹಲಗೆಯ ಈ ಕಡೆ ಒಬ್ಬರು ಕ್ಷೇಮ, ಆ ಕಡೆ ಒಬ್ಬರು ಕ್ಷೇಮ. ತಾವೂ ಹಾಗೆಯೇ ಇದ್ದೀರೆಂದು ನಂಬಿದ್ದೇನೆ. ಒಂಬೈನೂರನೇ ಇಸವಿಯಿಂದ ಸಾವಿರದ ಎಂಟುನೂರ ಇಪ್ಪತ್ತರವರೆಗೆ ನಡೆಯುತ್ತಿದ್ದ ತಮ್ಮ ಆಟವನ್ನು ಇನ್ನು ಸಾವಿರದ ಏಳುನೂರಕ್ಕೇ ಮುಗಿಸುವುದಾಗಿಯೂ, ಕೊನೆಯ ನೂರಿಪ್ಪತ್ತು ವರ್ಷ ಆಡುವಷ್ಟರಲ್ಲಿ ಜನಕ್ಕೆ ಬೇಸರ ಬಂದಿರುತ್ತದೆಂಬುದೇ ಅದಕ್ಕೆ ಕಾರಣವೆಂದೂ, ಈಗಾಗಲೇ ಅರ್ಧ ನಡೆದಿರುವ ಆಟಗಳಿಗೂ ಮುಂದಿನ ತಿಂಗಳ ಅಪ್‌ಡೇಟ್‌ನಿಂದ ಇದು ಅನ್ವಯಿಸುತ್ತದೆಂದೂ ತಾವು ಪ್ರಕಟಿಸಿದ್ದನ್ನು ಓದಿ ದಂಗಾದೆ. ಎಂಥೆಂಥ ಚಕ್ರವರ್ತಿಗಳು ಕುದುರೆ ಏರಿ ಕತ್ತಿ ಹಿಡಿದರೂ ಆಗದ ಕೆಲಸವನ್ನು ತಾವು ಒಂದು ಮೀಟಿಂಗಿನಲ್ಲಿ, ಬಹುಶಃ ಟೀ ಆರುವುದರೊಳಗೆ, ಮಾಡಿ ಮುಗಿಸಿದ್ದೀರಿ. ಆ ನೂರಿಪ್ಪತ್ತು ವರ್ಷಗಳಲ್ಲಿ ಹುಟ್ಟಬೇಕಾದವರು, ಸಾಯಬೇಕಾದವರು, ಮದುವೆಯಾಗಿ ಪಶ್ಚಾತ್ತಾಪ ಪಡಬೇಕಾದವರು, ಇಷ್ಟೂ ಜನರಿಗೆ ಒಂದೇ ಏಟಿಗೆ ಬಿಡುಗಡೆ ಕೊಟ್ಟ ತಮ್ಮ ಕರುಣೆಯನ್ನು ನಮ್ಮಂಥವರು ಹೊಗಳಿ ಮುಗಿಸಲಾಗದು.

ಸುಳ್ಳೇಕೆ ಹೇಳಲಿ, ಒಂದು ಕಾಲದಲ್ಲಿ ಆಟ ಚಿಕ್ಕದು ಮಾಡಿ ಎಂದು ನಾನೇ ತಮಗೆ ಬರೆಯಬೇಕೆಂದಿದ್ದೆ. ಊಟಕ್ಕೆ ಕರೆದರೆ ನನ್ನ ಯಜಮಾನರು “ಈ ರಾಜ ಸಾಯ್ಲಿ, ಬಂದೆ” ಅನ್ನುತ್ತಿದ್ದರು. ತಮ್ಮ ಆಟದ ರಾಜರೋ ಗಟ್ಟಿ ಪಿಂಡಗಳು, ಊಟ ಆರಿ ತಣ್ಣಗಾದರೂ ಸಾಯುತ್ತಿರಲಿಲ್ಲ. ಅಂಥ ನಾನೇ ಇವತ್ತು ಹೆಚ್ಚು ವರ್ಷ ಕೊಡಿ ಎಂದು ಸೆರಗೊಡ್ಡಿ ಬೇಡುತ್ತಿರುವುದಕ್ಕೆ ಒಂದು ಹಿನ್ನೆಲೆಯಿದೆ. ಇತಿಹಾಸವೆಂದರೆ ತಮಗೆ ಬೇಸರವೆಂದು ಗೊತ್ತಿದ್ದೂ ನಮ್ಮ ಮನೆಯ ಇತಿಹಾಸವನ್ನು ಸ್ವಲ್ಪ ಹೇಳಬೇಕಾಗಿದೆ, ಕ್ಷಮಿಸಬೇಕು.

ಕಣ್ಣು ಪರೀಕ್ಷೆ ಮಾಡಿ ನಂಬರ್ ಬರೆದು ಕೊಡುವವರು ನನ್ನ ಯಜಮಾನರು. ಆ ನಂಬರಿನಂತೆ ಗಾಜು ಅರೆದು ಫ್ರೇಮಿಗೆ ಕೂರಿಸುವವನು ನನ್ನ ಒಡಹುಟ್ಟಿದ ತಮ್ಮ. ಭಾವ ಭಾಮೈದ ಅಂದರೆ ಹೀಗಿರಬೇಕು ಎಂದು ಬೀದಿಯ ಜನ ಹೊಟ್ಟೆಕಿಚ್ಚು ಪಡುವಂತಿದ್ದರು. ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ಎರಡು ಕಂಪ್ಯೂಟರ್ ಜೋಡಿಸಿಕೊಂಡು, ಅಕ್ಕಪಕ್ಕದ ಎರಡು ರಾಜ್ಯ ಹಿಡಿದು ತಮ್ಮ ಕಂಪನಿಯ ಆಟ ಶುರು ಮಾಡಿದ್ದೂ ಆಗಲೇ. ದೃಷ್ಟಿ ತಾಗಿತೇನೋ. ಒಬ್ಬ ಸಂಗೀತದ ಮಾಸ್ತರರ ಚೀಟಿಯಲ್ಲಿ, ಗಾಜನ್ನು ಯಾವ ಕೋನಕ್ಕೆ ತಿರುಗಿಸಿ ಕೂರಿಸಬೇಕೆಂಬಲ್ಲಿ, ಯಜಮಾನರು ನೂರ ಎಪ್ಪತ್ತು ಎಂದು ಬರೆದರು, ತಮ್ಮ ನೂರ ಹತ್ತು ಎಂದು ಓದಿದ. ಯಜಮಾನರ ಕೈಬರಹದಲ್ಲಿ ಏಳಕ್ಕೂ ಒಂದಕ್ಕೂ ಇರುವ ವ್ಯತ್ಯಾಸ ಆ ದೇವರಿಗೇ ಗೊತ್ತು. ಮಾಸ್ತರರು ಹೊಸ ಕನ್ನಡಕ ಹಾಕಿಕೊಂಡು, ಸಮತಟ್ಟಾದ ಬೀದಿಯಲ್ಲಿ ಮೆಟ್ಟಿಲು ಹತ್ತುವವರಂತೆ ಕಾಲೆತ್ತಿ ಕಾಲೆತ್ತಿ ಇಡುತ್ತ ನಮ್ಮಂಗಡಿಗೆ ವಾಪಸು ಬಂದು ಕೂತರು.

ಅವರೆದುರಿಗೇ “ಏಳು ಬರೆಯೋಕೆ ಬರಲ್ಲ” ಎಂದು ಒಬ್ಬರು, “ಏಳು ಓದೋಕೆ ಬರಲ್ಲ” ಎಂದು ಇನ್ನೊಬ್ಬರು ಕಿತ್ತಾಡಿದರು. ಮಾತಿಗೆ ಮಾತು ಬೆಳೆಯಿತು. ಅಂಗಡಿಯ ನಡುವೆ ಪ್ಲೈವುಡ್ ಹಲಗೆ ಬಂತು. “ನಮ್ಮ ಭಾಮೈದ” ಅನ್ನುತ್ತಿದ್ದವರು “ನಿನ್ನ ತಮ್ಮ” ಅನ್ನತೊಡಗಿದರು, “ಭಾವ” ಅನ್ನುತ್ತಿದ್ದವನು “ನಿನ್ನ ಗಂಡ” ಅನ್ನತೊಡಗಿದ. ಈಗ ಗಿರಾಕಿಗಳು ಈ ಬಾಗಿಲಲ್ಲಿ ನಂಬರ್ ಬರೆಸಿಕೊಂಡು, ಬೀದಿಗಿಳಿದು, ಆ ಬಾಗಿಲಲ್ಲಿ ಕನ್ನಡಕ ಮಾಡಿಸಿಕೊಳ್ಳುತ್ತಾರೆ. ಊರಿಗೆಲ್ಲ ಕಣ್ಣು ಕಾಣಿಸುವ ಇಬ್ಬರಿಗೆ ಒಬ್ಬರನ್ನು ಕಂಡರೆ ಒಬ್ಬರಿಗಾಗದು. ನನ್ನ ಕುರ್ಚಿಯ ಎರಡು ಕಾಲು ಇತ್ತ, ಎರಡು ಕಾಲು ಅತ್ತ. ನಾನು ಏನು ಮಾತಾಡಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆಯೇ ಮಾತಾಡಬೇಕು. ಬಡಗಿ ಅಳತೆ ತಪ್ಪಿ ಹಲಗೆಗೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿದ್ದಾನೆ. ಅದನ್ನು ಮುಚ್ಚಿಸಲು ಮಾತ್ರ ಇಬ್ಬರಿಗೂ ಪುರುಸೊತ್ತಾಗಿಲ್ಲ.

ಮಾತು ಬಿಟ್ಟರೂ ಆಟ ಬಿಡಲಿಲ್ಲ, ಏಕೆಂದರೆ ಮೊದಲು ಬಿಟ್ಟವನು ಸೋತಂತೆ. ಹಲಗೆಯ ಎರಡೂ ಕಡೆ ಕೂತು ಒಬ್ಬರ ಕೋಟೆಗೆ ಒಬ್ಬರು ಬೆಂಕಿ ಇಟ್ಟರು. ಇವರ ಒಂದು ಏಳಕ್ಕೋಸ್ಕರ ಎಷ್ಟು ಸಾವಿರ ಸೈನಿಕರು ಸತ್ತರೋ ಪಾಪ.

ಆಗ ನಡೆದದ್ದನ್ನು ತಾವು ಗಮನವಿಟ್ಟು ಓದಬೇಕು. ತಮ್ಮ ಆಟಕ್ಕೆ ಯಾರೋ ಪುಣ್ಯಾತ್ಮರು ಕನ್ನಡ ಕೂರಿಸಿದ್ದಾರೆ; ಅದರಲ್ಲಿ ಆಟವನ್ನು ಗಳಿಗೆ ಹೊತ್ತು ನಿಲ್ಲಿಸುವ ಬಟನ್ನಿನ ಮೇಲೆ “ವಿರಾಮ” ಎಂದೂ, ಅದರ ಕೆಳಗೇ ಯುದ್ಧ ಬೇಡವೆಂದು ಕೇಳುವ ಬಟನ್ನಿನ ಮೇಲೆ “ಕದನವಿರಾಮ” ಎಂದೂ ಇದೆ. ಒಂದು ದಿನ ಹೆಂಗಸೊಬ್ಬರು ಮುರಿದ ಕನ್ನಡಕ ಹಿಡಿದು ಬಂದಾಗ, ನನ್ನ ತಮ್ಮ ಆಟ ನಿಲ್ಲಿಸಲು ಹೋಗಿ, ತನ್ನ ಕನ್ನಡಕ ತೆಗೆದಿಟ್ಟಿದ್ದರಿಂದ ಬರೀ ಬಾಲದ “ವಿರಾಮ” ನೋಡಿ, ಕೆಳಗಿನದನ್ನು ಒತ್ತಿದ. ಈ ಕಡೆ ಯಜಮಾನರು ಪರದೆಯನ್ನು ಬಹಳ ಹೊತ್ತು ನೋಡಿ, ಗಂಟಲು ಸರಿಮಾಡಿಕೊಂಡು, “ಕೊನೆಗೂ ದಾರಿಗೆ ಬಂದ ನೋಡು ನಿನ್ನ ತಮ್ಮ” ಎಂದು ಒಪ್ಪಿಗೆ ಒತ್ತಿದರು. ತಮ್ಮ ಸ್ಕ್ರೂ ಬಿಗಿಮಾಡಿ ಬಂದು ನೋಡಿದರೆ ರಾಜ್ಯದ ತುಂಬ ಶಾಂತಿ. ಅವತ್ತು ಸಂಜೆ ಅವನು ನನ್ನ ಹತ್ತಿರ ಬಂದು “ಅಕ್ಕ, ನಾನು ಒತ್ತಿದ್ದೊಂದು, ಆಗಿದ್ದೊಂದು. ನಿನ್ನ ಗಂಡಂಗೆ ಮಾತ್ರ ಹೇಳ್ಬೇಡ, ನಗ್ತಾರೆ” ಅಂದ. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಅಂದಿನಿಂದ ಇವರು ಆಡುವ ಚಂದವನ್ನು ತಾವು ನೋಡಬೇಕು. ಆಟದೊಳಗೆ ಕಳಿಸಲು ತಾವು ತಯಾರು ಮಾಡಿಟ್ಟ ವಾಕ್ಯಗಳನ್ನು ಬಿಟ್ಟು ಬೇರೆ ಮಾತಾಡುವಂತಿಲ್ಲವಲ್ಲ, ಅದೇ ಇವರಿಗೆ ವರವಾಯಿತು. ಪಿತ್ತಕೋಶದ ಕಲ್ಲು ತೆಗೆಸಲು ನಾನು ಆಸ್ಪತ್ರೆ ಸೇರಿದಾಗ, ಯಜಮಾನರು ಇಲ್ಲದ ಹೊತ್ತು ನೋಡಿ ತಮ್ಮ ನನ್ನನ್ನು ಕಂಡು ಹೋಗುತ್ತಿದ್ದ. ಆದರೆ ಆಟದಲ್ಲಿ ದಿನಾ ಅವನ ಕಡೆಯಿಂದ “ನಮ್ಮ ಮಹಾರಾಜರು ತಮ್ಮ ಪಟ್ಟದ ರಾಣಿಯ ಕ್ಷೇಮ ವಿಚಾರಿಸುತ್ತಾರೆ” ಎಂದು ಬರುತ್ತಿತ್ತಂತೆ, ದಿನಾ “ರಾಣಿಯವರು ಚೇತರಿಸಿಕೊಳ್ಳುತ್ತಿದ್ದಾರೆ, ತಮ್ಮ ಕಾಳಜಿಗೆ ಋಣಿ” ಎಂದು ಹೋಗುತ್ತಿತ್ತಂತೆ. ಮಾನ್ಯರೇ, ಆಗ ಯಜಮಾನರ ರಾಜನಿಗೆ ಇನ್ನೂ ಮದುವೆಯೇ ಆಗಿರಲಿಲ್ಲ. ನಾನು ಮನೆಗೆ ಬಂದ ದಿನ ಆ ಕಡೆಯ ರಾಜ್ಯದಿಂದ ನೂರು ಗಾಡಿ ಗೋಧಿ ಕಾಣಿಕೆ ಬಂತು. ಅದನ್ನು ಹೇಳುವಾಗ ಯಜಮಾನರು ಯಾಕೋ ಕನ್ನಡಕ ತೆಗೆದು ಒರೆಸಿಕೊಂಡರು.

ಈಗ ಇವರ ಕದನವಿರಾಮಕ್ಕೆ ಬರುತ್ತೇನೆ. ಅದರ ಅವಧಿ, ತಾವೇ ನಿಗದಿ ಮಾಡಿದಂತೆ, “ಆಟದ ಅಂತ್ಯದವರೆಗೆ”. ಇವರೀಗ ಸಾವಿರದ ಆರುನೂರ ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಹಲಗೆ ತೆಗೆಸೋಣವೇ ಎಂದು ಯಜಮಾನರನ್ನು ಕೇಳಿದರೆ “ಆಟ ಮುಗೀಲಿ, ನೋಡೋಣ” ಅನ್ನುತ್ತಾರೆ. ಹಿಂದಿನ ಬೀದಿಯಲ್ಲಿ ಖಾಲಿಯಿರುವ ಮಳಿಗೆಗೆ ಹೊರಟುಹೋಗ್ತೀಯಂತೆ, ಹೌದಾ ಎಂದು ತಮ್ಮನನ್ನು ಕೇಳಿದರೆ ಅವನೂ “ಆಟ ಮುಗೀಲಿ, ನೋಡೋಣ” ಅನ್ನುತ್ತಾನೆ. ನೂರಿಪ್ಪತ್ತು ವರ್ಷಗಳಲ್ಲಿ ಇಬ್ಬರು ಗಂಡಸರು ಬಾಯಿಬಿಟ್ಟು ಒಂದು ಮಾತಾದರೂ ಆಡಿಯಾರು ಎಂದು ನಾನು ನಂಬಿ ಕೂತಿದ್ದರೆ, ತಾವು ಬುಡಕ್ಕೇ ಕೊಡಲಿ ಇಟ್ಟಿರಿ. ತಮ್ಮನ ಹೆಸರು ಆ ಮಳಿಗೆಯ ಬೋರ್ಡಿನ ಮೇಲೆ ಬಂದರೆ ನನ್ನ ಕುರ್ಚಿಯ ಎರಡು ಕಾಲು ಎಲ್ಲಿಡಲಿ, ತಾವೇ ಹೇಳಬೇಕು.

ಆದಕಾರಣ ನನ್ನ ವಿನಮ್ರ ಬೇಡಿಕೆಗಳನ್ನು ಪರಾಂಬರಿಸಬೇಕು. ಕತ್ತರಿಸಿದ ಬಾಲವನ್ನು ಇತಿಹಾಸಕ್ಕೆ ಮೊದಲಿನಂತೆ ಅಂಟಿಸುವುದು. ಕತ್ತರಿಸದೆ ಕೈ ತುರಿಸುತ್ತದೆ ಎಂದಾದರೆ, ಹಲಗೆ ಬಂದಂದಿನಿಂದ ನಮ್ಮ ಅಂಗಡಿಯಲ್ಲಿ ಕಳೆದ ಕಾಲವನ್ನು ಧಾರಾಳವಾಗಿ ಕತ್ತರಿಸಿಕೊಳ್ಳುವುದು. ಬೇಸರದ ಕಾಲವೆಂದರೆ ಅದು. ಸಂಗೀತದ ಮಾಸ್ತರರು ಬಂದ ದಿನಕ್ಕೆ ಆಟವನ್ನು ಹಿಂದಕ್ಕೆ ಒಯ್ದು, ನನ್ನ ಯಜಮಾನರ ಏಳಕ್ಕೆ ಒಂದು ಅಡ್ಡಗೆರೆ ಹಾಕಿಸುವುದು. ಇದ್ಯಾವುದೂ ಆಗದಿದ್ದರೆ ಸಮಿತಿಯವರೆಲ್ಲ ಒಮ್ಮೆ ನಮ್ಮಲ್ಲಿಗೆ ಬರುವುದು: ಹತ್ತಿರದ್ದು ಕಂಡು ದೂರದ್ದು ಕಾಣದಿರುವ ದೋಷಕ್ಕೆ ನಮ್ಮಲ್ಲಿ ಒಳ್ಳೆಯ ಕನ್ನಡಕವಿದೆ, ಆದರೆ ಒಂದು ಬಾಗಿಲಿಂದ ಇನ್ನೊಂದಕ್ಕೆ ಬೀದಿಗಿಳಿದು ಹೋಗಬೇಕು.

ಇಸವಿ ಸಾವಿರದ ಏಳುನೂರು ಬರುವವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಅತ್ತ ಅಕ್ಕ, ಇತ್ತ ಹೆಂಡತಿ

ತಾ.ಕ.: ಈ ಪತ್ರವನ್ನು ಮೇಜಿನ ಮೇಲೆ ಬಿಟ್ಟು ಒಳಗೆ ಹೋಗಿದ್ದೆ, ಬಂದು ನೋಡಿದರೆ ಯಜಮಾನರು ಓದುತ್ತ ನಿಂತಿದ್ದರು. ಬಟನ್ನಿನ ವಿಷಯ ಆಗಲೇ ಓದಿಯಾಗಿತ್ತು. ಅವರು ನಗಲಿಲ್ಲ. “ಅವನು ಕನ್ನಡಕ ತೆಗೆದಿಟ್ಟು ಒತ್ತಿದ್ದು ನಂಗೆ ಅವತ್ತೇ ಗೊತ್ತಿತ್ತು, ಹಲಗೆ ಸಂದಿಯಲ್ಲಿ ಕಾಣ್ತಿತ್ತು. ನಮ್ಮ ಭಾಮೈದಂಗೆ ಮಾತ್ರ ಹೇಳ್ಬೇಡ” ಅಂದು ಪತ್ರ ಕೆಳಗಿಟ್ಟು ಹೋದರು. ಆದ್ದರಿಂದ ಈ ಬಹಿರಂಗ ಪತ್ರವನ್ನು ತಾವು ದಯಮಾಡಿ ಗುಟ್ಟಾಗಿ ಇಟ್ಟುಕೊಳ್ಳತಕ್ಕದ್ದು. ಮತ್ತೆ, ಮೇಲೆ ಕೇಳಿದ್ದು ಸಾಲದು ಅನ್ನಿಸುತ್ತಿದೆ. ಇಂಥ ಇಬ್ಬರಿಗೆ ನೂರಿಪ್ಪತ್ತು ವರ್ಷ ಯಾವ ಮೂಲೆಗೆ? ಮುನ್ನೂರು ಮಾಡಿ.