ಯಜಮಾನ್ರು ಸ್ನಾನ ಮಾಡ್ತಿದಾರೆ

"ಗಂಡ ಊರಲ್ಲಿಲ್ಲ ಅಂತ ಹೆದರೋ ಹೆಂಗಸು ನಾನಲ್ಲ! ನಮ್ಮ ಕಾರಿನ ಮೇಲೆ ಯಾವನಾದ್ರೂ ಕೈ ಇಡ್ಲಿ, ಆಮೇಲೆ ಈ ಶಶಿರೇಖಾ ಯಾರು ಅಂತ ತೋರಿಸ್ತೀನಿ!"

ಹೀಗಂತ ದೇವನಹಳ್ಳಿಯ ನಮ್ಮ ಬಡಾವಣೆಯ ಸಭೆಯಲ್ಲಿ, ಎಲ್ಲರೆದುರು ಎದ್ದು ನಿಂತು ಘೋಷಿಸಿದ್ದೆ. ಚಪ್ಪಾಳೆಯೂ ಬಿದ್ದಿತ್ತು.

ವಿಷಯ ಇಷ್ಟು. ಒಂದು ತಿಂಗಳಿಂದ ನಮ್ಮ ಬೀದಿಯಲ್ಲಿ ಯಾರೋ ಪುಂಡರು ಬೈಕಿನ ಸೀಟಿಗೆ ಬ್ಲೇಡು ಹಾಕ್ತಿದ್ದರು, ಕಾರಿನ ಕನ್ನಡಿ ಮುರೀತಿದ್ದರು, ಕಿಟಕಿ ಗಾಜಿಗೆ ಕಲ್ಲು ಹೊಡೀತಿದ್ದರು. ಕದಿಯೋದೇನೂ ಇಲ್ಲ, ಬರೀ ಹಾಳು ಮಾಡೋ ಖುಷಿ! ಸಂಘದ ಕಾರ್ಯದರ್ಶಿ ಶ್ರೀಧರ್ ಸಭೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಗಂಡಸರಿಲ್ಲದ ಮನೆ ನೋಡ್ಕೊಂಡೇ ಮಾಡ್ತಾರೆ ಮೇಡಂ."

ನನ್ನ ಧೈರ್ಯ ಅಲ್ಲೇ ಇಳಿದುಹೋಯ್ತು. ನಮ್ಮ ಯಜಮಾನರು ಕೆಂಪರಾಜ್ ಗದಗದ ಕಡೆ ಕರೆಂಟು ತೆಗೆಯೋ ಗಾಳಿಯಂತ್ರದ ಕಂಬ ನಿಲ್ಲಿಸೋ ಕೆಲಸದಲ್ಲಿದ್ದಾರೆ. ಹೋಗಿ ಹತ್ತು ತಿಂಗಳು. ನಡುವೆ ಗೌರಿ ಹಬ್ಬಕ್ಕೆ ಎರಡು ದಿನ ಬಂದು, ಒಂದು ದಿನ ಕಾರು ತೊಳೆದು, ಇನ್ನೊಂದು ದಿನ ನಿದ್ದೆ ಮಾಡಿ ಹೊರಟುಹೋದರು.

ಸರಿ, ಗಂಡಸು ತಾನೇ ಬೇಕು? ತಯಾರು ಮಾಡಿದರಾಯ್ತು!

ಅವರ ಹತ್ತನೇ ನಂಬರ್ ಬೂಟು ಬಾಗಿಲ ಮುಂದೆ ಬಂತು. ಅವರ ಶರ್ಟು, ಲುಂಗಿ ದಿನಾ ಒದ್ದೆ ಮಾಡಿ ಮನೆ ಮುಂದಿನ ತಂತಿಗೆ ಹಾಕಿದೆ. ಮೂರನೇ ದಿನ, ಹಬ್ಬಕ್ಕೆ ಬಂದಾಗ ಬಿಚ್ಚಿಟ್ಟು ಹೋಗಿದ್ದ ನೀಲಿ ಶರ್ಟನ್ನೂ ನೀರಿಗೆ ಅದ್ದಿಬಿಟ್ಟೆ. ಅದ್ದಿದ ಮೇಲೆ ನೆನಪಾಯ್ತು, ಅದನ್ನ ಬೇಕಂತಲೇ ಒಗೀದೆ ದಿಂಬಿನ ಪಕ್ಕ ಇಟ್ಕೊಂಡಿದ್ದೆ ಅಂತ. ಹಿಂಡಿ ಮೂಗಿಗೆ ಹಿಡಿದೆ. ಬರೀ ಸೋಪಿನ ವಾಸನೆ.

ಇರಲಿ! ಇನ್ನು ಧ್ವನಿ. ಅವರು ವಾಟ್ಸಾಪಿನಲ್ಲಿ ಕಳಿಸಿದ್ದ ಮಾತುಗಳನ್ನ ಸ್ಪೀಕರಿಗೆ ಜೋಡಿಸಿ, ದಿನಾ ಸಂಜೆ ಆರಕ್ಕೆ ಕಿಟಕಿ ಹತ್ತಿರ ಹಾಕಿದೆ. ಮೊದಲು ಒಂದು ಕೆಮ್ಮು. ಆಮೇಲೆ "ಲೇ ಶಶಿ, ಊಟ ಆಯ್ತಾ?" ಅದರ ಹಿಂದೆಯೇ, ನನಗೆ ಮಾತು ಕಳಿಸುವಾಗ, ಅಲ್ಲಿ ಕಂಬ ಹತ್ತುತ್ತಿದ್ದ ಯಾರಿಗೋ ಅವರು ಗದರಿಸಿದ್ದು: "ಏಯ್, ಯಾರೋ ಅದು? ಇಳಿಯೋ ಕೆಳಗೆ!"

ಆ ವಾರ ಎದುರುಮನೆ ಪ್ರಮೋದಾ ಅವರ ಸ್ಕೂಟರಿನ ಸೀಟು ಹರೀತು. ನಮ್ಮ ಕಾರಿಗೆ ಒಂದು ಗೀರೂ ಇಲ್ಲ! ಮಹಾರಾಣಿಯ ಹಾಗೆ ಓಡಾಡಿದೆ. ಆದ್ರೆ ನಿಜ ಹೇಳ್ತೀನಿ, ಆಮೇಲಾಮೇಲೆ ನನಗೆ ಪುಂಡರು ಮರೆತೇ ಹೋದರು. ಆರು ಗಂಟೆ ಯಾವಾಗ ಆಗುತ್ತೋ ಅಂತ ಕಾಯೋಕೆ ಶುರುಮಾಡಿದೆ. "ಊಟ ಆಯ್ತಾ?" ಅಂದರೆ, "ಇಲ್ಲ ಕಣ್ರೀ, ನೀವು ಬನ್ನಿ, ಒಟ್ಟಿಗೆ ಮಾಡೋಣ" ಅಂತ ಆ ಡಬ್ಬಿಗೆ ಉತ್ತರ ಕೊಡ್ತಿದ್ದೆ!

ಅಷ್ಟರಲ್ಲಿ ಶ್ರೀಧರ್ ಗೇಟಿನ ಮುಂದೆ ಹಾಜರು. "ಸಾರ್ ಬಂದಿದಾರಂತೆ? ಬೀದಿ ಕಾವಲಿಗೆ ಹೆಸರು ಬರ್ಕೊಂಡಿದೀನಿ, ಕರೀರಿ."

"ಸ್ನಾನ ಮಾಡ್ತಿದಾರೆ."

ಮರುದಿನವೂ ಬಂದರು. ಮರುದಿನವೂ ಸ್ನಾನ. ಮೂರನೇ ದಿನ ಕೇಳಿಯೇಬಿಟ್ಟರು: "ಏನ್ ಮೇಡಂ, ಸಾರ್ ಗದಗದ ಮಣ್ಣೆಲ್ಲಾ ಮೈಗೆ ಹಚ್ಕೊಂಡು ಬಂದಿದಾರಾ?"

ಅದೇ ಸಂಜೆ, ಆವತಿಯಿಂದ ಸೊಪ್ಪು ಮಾರೋಕೆ ಬರೋ ಸಪ್ಪಲಮ್ಮ ನಮ್ಮ ಮೆಟ್ಟಿಲ ಮೇಲೆ ಕಾಲಿಟ್ಟಳು. ಒಳಗಿಂದ "ಇಳಿಯೋ ಕೆಳಗೆ!" ಪಾಪ, ಇಳಿದಳು. ಇಳಿದು ನೆಟ್ಟಗೆ ತನ್ನೂರಿಗೆ ಹೋದಳು. ಆವತಿ ಅಂದರೆ ನಮ್ಮತ್ತೆ ಅಮ್ಮಯಮ್ಮನವರ ಊರು!

ಮರುದಿನ ಮಧ್ಯಾಹ್ನದ ಬಸ್ಸಿಗೆ ಅತ್ತೆ ಬಂದಿಳಿದರು. ಕೈಯಲ್ಲಿ ದೊಡ್ಡ ಟಿಫನ್ ಕ್ಯಾರಿಯರ್. ಮುಖ ಊದಿಕೊಂಡಿತ್ತು.

"ನನ್ನ ಮಗ ಬಂದು ವಾರ ಆಯ್ತಂತೆ. ಹೆತ್ತೋಳ ನೆಪ್ಪಾಗ್ಲಿಲ್ವಾ ಅವನಿಗೆ? ಸಪ್ಪಲಮ್ಮನ ಬಾಯಲ್ಲಿ ಕೇಳ್ಬೇಕಾ ನಾನು?"

"ಅತ್ತೆ, ಅದು..."

"ಸುಮ್ನಿರು! ಅವನಿಗಿಷ್ಟ ಅಂತ ಹಿತಕಿದ ಅವರೆಕಾಳು ಸಾರು ಮಾಡ್ಕೊಂಡು ಬಂದಿದೀನಿ. ಎಲ್ಲವ್ನೆ?"

ನನ್ನ ಬಾಯಿಂದ ಅಭ್ಯಾಸಬಲದಿಂದ ಉದುರಿತು: "ಸ್ನಾನ ಮಾಡ್ತಿದಾರೆ."

ಅತ್ತೆ ಹೋಗಿ ಬಚ್ಚಲಿನ ಬಾಗಿಲು ತಳ್ಳಿದರು. ಖಾಲಿ. ರೂಮಿಗೆ ನುಗ್ಗಿದರು. ಮಂಚದ ಮೇಲೆ ಸ್ಪೀಕರು. ಇನ್ನು ಬಚ್ಚಿಡೋದೇನು? ಎಲ್ಲ ಒಪ್ಪಿಸಿಬಿಟ್ಟು, ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಬೈಗುಳ ಬರಲೇ ಇಲ್ಲ.

"ಒಂದು ಮೊರ ಕಾಳು ಹಿತುಕ್ದೆ ಕಣವ್ವ," ಅಂದರು ಮೆಲ್ಲಗೆ. ಮಂಚದ ಮೇಲೆ ಕೂತರು. ಸ್ಪೀಕರನ್ನ ಹತ್ತಿರಕ್ಕೆ ಎಳೆದುಕೊಂಡು, "ಹಾಕು ನೋಡಾನ," ಅಂದರು.

ಹಾಕಿದೆ. ಕೆಮ್ಮು. "ಲೇ ಶಶಿ, ಊಟ ಆಯ್ತಾ?"

"ಕೆಮ್ತಾವ್ನಲ್ಲೇ! ಕಷಾಯ ಕುಡೀರಿ ಅನ್ಬಾರ್ದಾ ನೀನು?"

ಅದು ಆಷಾಢದ ಕೆಮ್ಮು ಅಂತ ಹೇಳೋಕೆ ನನಗೆ ಮನಸ್ಸಾಗಲಿಲ್ಲ. ನಾಲ್ಕು ಸಲ ಹಾಕಿಸಿ ಕೇಳಿದರು. ಐದನೇ ಸಲಕ್ಕೆ, "ಸಾಕು, ಅವನಿಗೇ ಫೋನ್ ಮಾಡ್ಕೊಡು," ಅಂದರು.

ನನ್ನ ನಂಬರಿನಲ್ಲಿ ಅಮ್ಮನ ಧ್ವನಿ ಕೇಳಿ ಯಜಮಾನರಿಗೆ ಗಾಬರಿ. "ಅಮ್ಮಾ? ಏನಾಯ್ತು? ಶಶಿ ಹೇಳ್ತಿದ್ದ ಆ ಪುಂಡರು ಕಾರಿಗೇನಾದ್ರೂ ಮಾಡಿದ್ರಾ?"

ಅತ್ತೆ ನನ್ನ ಮುಖ ನೋಡಿದರು. ಈ ವೀರವನಿತೆ ಆಗಲೇ ನೈಟಿ ತೋಳಿನಿಂದ ಕಣ್ಣೊರೆಸಿಕೊಳ್ತಿದ್ದಳು.

"ಕಾರು ಕಲ್ಲುಗುಂಡಿನಂಗೈತೆ ಕಣಪ್ಪಾ. ನಿನ್ನ ಹೆಂಡ್ತೀನೇ ಆಫಾಗಿ ನಿಂತವ್ಳೆ. ಯಾವಾಗ ಬತ್ತೀಯ?"